ಫ್ಯಾಕ್ಟರ್ ಹಿಡಿದು ವಿಮಾನ ಹತ್ತುವ ಮೊದಲು
ಡೊಂಬಿವಲಿ, ಠಾಣೆ ಕಡೆಯ ನಮ್ಮವರಲ್ಲಿ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವ ಮಕ್ಕಳ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಈ ರಜೆಯಲ್ಲಿ ಮಗನನ್ನು ಕರೆದುಕೊಂಡು ಸಿಂಗಾಪುರದ ಅಣ್ಣನ ಮನೆಗೆ ಹೋಗಿ ಬಂದೆವು.

ಫ್ಯಾಕ್ಟರ್ 8, ಅಂದರೆ ರಕ್ತ ಹೆಪ್ಪುಗಟ್ಟಲು ಕೊಡುವ ಮದ್ದಿನ ಬಾಟಲಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕಲೇಬೇಡಿ. ಪೆಟ್ಟಿಗೆ ಬೇರೆ ಊರಿಗೆ ಹೋದರೆ ಏನು ಮಾಡ್ತೀರಿ? ಸಿರಿಂಜು, ಬಟರ್‌ಫ್ಲೈ ಸೂಜಿ ಸಮೇತ ಕೈಚೀಲದಲ್ಲೇ ಇರಲಿ. ಫ್ರಿಜ್ಜಿನ ತಂಪು, ಅಂದರೆ 2ರಿಂದ 8 ಡಿಗ್ರಿ ಬೇಕು. ಆದರೆ ತಂಪು ಜಾಸ್ತಿಯಾಗಿ ಮಂಜುಗಡ್ಡೆಯಾದರೆ ಮದ್ದು ಕೆಟ್ಟ ಹಾಗೇ. ಮೊದಲ ಸಲ ನಾನು ಐಸ್ ಪ್ಯಾಕನ್ನು ಬಾಟಲಿಗೆ ತಾಗಿಸಿಯೇ ಇಟ್ಟಿದ್ದೆ, ಪೆದ್ದಿ! ಈಗ ಹಳೇ ಬೈರಾಸಿನಲ್ಲಿ ಸುತ್ತಿ ಇಡುತ್ತೇನೆ.

ಡಾಕ್ಟರ ಪತ್ರದಲ್ಲಿ ಕಾಯಿಲೆ, ಮದ್ದು, ಡೋಸು, ಸೂಜಿ ಯಾಕೆ ಅನ್ನೋದು ಎಲ್ಲ ಇರಲಿ. ಹೆಸರು ಮಾತ್ರ ಪಾಸ್‌ಪೋರ್ಟಿನ ಸ್ಪೆಲ್ಲಿಂಗಿನಲ್ಲೇ. ನಮ್ಮ ಪತ್ರದಲ್ಲಿ ಒಂದು 'ಎಚ್' ಜಾಸ್ತಿ ಇತ್ತು, ಒಂದು ಏರ್‌ಪೋರ್ಟಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರು.

ಹೋಗುವ ಊರಿನ ಚಿಕಿತ್ಸಾ ಕೇಂದ್ರ ಯಾವುದು ಅಂತ ವರ್ಲ್ಡ್ ಫೆಡರೇಶನ್ ಆಫ್ ಹಿಮೋಫಿಲಿಯಾದ ಪಟ್ಟಿಯಲ್ಲಿ ಹುಡುಕಿ, ಫೋನ್ ನಂಬರ್ ಕಾಗದದ ಮೇಲೆ ಬರೆದಿಡಿ. ಇನ್ಶೂರೆನ್ಸಿನಲ್ಲಿ ಮೊದಲೇ ಇರುವ ಕಾಯಿಲೆಗೆ ದುಡ್ಡು ಸಿಗುತ್ತಾ, ಕೇಳಿಯೇ ತಗೊಳ್ಳಿ.

ಮತ್ತೆ, ತಲೆನೋವು ಅಂದರೆ ಸಾಕು, ನೆಂಟರು ಮಾತ್ರೆ ಹಿಡಿದು ಬರ್ತಾರೆ. ಆಸ್ಪಿರಿನ್ ಬೇಡವೇ ಬೇಡ ಅಂತ ಮೊದಲೇ ಹೇಳಿಡಿ.