ಬ್ಯಾಡಗಿ ಮೆಣಸಿನಕಾಯಿಯಿಂದ ಪ್ರಜ್ಞೆಯ ಒಗಟನ್ನು ಗುರುತಿಸುವ ಬಗೆ

ಪ್ರಜ್ಞೆಯ ಒಗಟನ್ನು, ಅಂದರೆ ನರಗಳ ಕೆಲಸದ ಜೊತೆಗೆ ಅನುಭವವೂ ಏಕೆ ಆಗುತ್ತದೆ ಎಂಬುದನ್ನು, ಓದಲು ತೊಡಗುವವರು ಸಿದ್ಧಾಂತಗಳಿಂದ ಆರಂಭಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಗಟು ನಿಖರವಾಗಿ ಎಲ್ಲಿದೆ ಎಂಬುದನ್ನು ಮೊದಲು ತಮ್ಮ ನಾಲಿಗೆಯ ಮೇಲೆಯೇ ಕಂಡುಕೊಳ್ಳಬೇಕು. ಹಾವೇರಿ ಜಿಲ್ಲೆಯ ನಮಗೆ ಅದಕ್ಕೆ ಬೇಕಾದದ್ದೆಲ್ಲ ಅಡುಗೆಮನೆಯಲ್ಲಿದೆ.

ಒಂದು ಒಣ ಬ್ಯಾಡಗಿ ಮೆಣಸಿನಕಾಯಿ, ಅದಕ್ಕಿಂತ ಖಾರವಾದ ಗುಂಟೂರಿನದೊಂದು, ತುಸು ಜೋಳದ ರೊಟ್ಟಿ ತೆಗೆದಿಟ್ಟುಕೊಳ್ಳಿ. ಖಾರದ ಅಂಶ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲವಾದ್ದರಿಂದ ಪಕ್ಕದಲ್ಲಿ ಮೊಸರಿರಲಿ. ಹಾಳೆಯೊಂದರ ನಡುವೆ ಗೆರೆ ಎಳೆದು, ಯಾರು ಬೇಕಾದರೂ ಅಳೆಯಬಹುದಾದದ್ದನ್ನು ಎಡಕ್ಕೂ ತಿಂದವರಿಗೆ ಮಾತ್ರ ತಿಳಿಯುವುದನ್ನು ಬಲಕ್ಕೂ ಬರೆಯಿರಿ.

ಎಡಭಾಗವನ್ನು ಜಿಪುಣತನವಿಲ್ಲದೆ ತುಂಬಬೇಕು. ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಬಣ್ಣವನ್ನು ವ್ಯಾಪಾರದಲ್ಲಿ ಆಸ್ಟಾ (ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘ) ಮಾನದಿಂದ ಅಳೆಯುತ್ತಾರೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನರತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು (ಸಂವೇದನೆಯನ್ನು ಹಿಡಿಯುವ ಪ್ರೋಟೀನನ್ನು) ತೆರೆಯುತ್ತದೆ. ಶರೀರವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ವಿವರಿಸಿದ ಈ ಗ್ರಾಹಕವೇ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ತೆರೆದುಕೊಳ್ಳುವುದರಿಂದ, ತಣ್ಣಗಿರುವ ಮೆಣಸಿನಕಾಯಿ ಬಾಯನ್ನು ಸುಟ್ಟಂತೆ ಅನಿಸುತ್ತದೆ. ಎಷ್ಟು ಸೊಗಸಾದ ವಿವರಣೆ!

ಈಗ ಎರಡೂ ಕಾಯಿಗಳ ಚೂರುಗಳನ್ನು ಬೇರೆಬೇರೆಯಾಗಿ ರೊಟ್ಟಿಯೊಡನೆ ಅಗಿದು, ಉರಿ ಏರಿ ಇಳಿಯುವುದನ್ನು ಬಲಭಾಗದಲ್ಲಿ ಬರೆಯಿರಿ. ಬಳಿಕ ಎಡಭಾಗದ ಪ್ರತಿಯೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಖಾರವು ಬಿಸಿಯನ್ನೇಕೆ ಹೋಲುತ್ತದೆ ಎಂಬುದನ್ನು ಹೇಳಿದ ಈ ಸಾಲು, ನರದಲ್ಲಿ ಸಂಕೇತ ಹರಿದಾಗ ಉರಿಯೆಂಬ ಅನುಭವ ಆಗುವುದಾದರೂ ಏಕೆ ಎಂಬುದನ್ನು ಹೇಳಿತೇ? ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ‘ಕಠಿಣ ಸಮಸ್ಯೆ’ ಎಂದು ಕರೆದದ್ದು ಈ ಪ್ರಶ್ನೆಯನ್ನೇ.

ಇಲ್ಲಿ ಆತುರ ಬೇಡ. ‘ಅದು ಆತ್ಮ’ ಎಂದು ಹಾಳೆ ಮಡಿಚುವವರೂ ‘ಅದೆಲ್ಲ ಮಿದುಳು’ ಎಂದು ಮಡಿಚುವವರೂ ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಏಳುತ್ತಾರೆ. ಬಣ್ಣದ ವಿಜ್ಞಾನವನ್ನೆಲ್ಲ ಬಲ್ಲ, ಆದರೆ ಕೆಂಪನ್ನೇ ಕಾಣದ ವಿಜ್ಞಾನಿಯನ್ನು ಕಲ್ಪಿಸಿಕೊಂಡು 1982ರಲ್ಲಿ, ಇರುವುದೆಲ್ಲ ಭೌತಿಕವೇ ಎನ್ನುವ ಭೌತವಾದವನ್ನು ಪ್ರಶ್ನಿಸಿದ ತತ್ತ್ವಜ್ಞಾನಿ ಫ್ರಾಂಕ್ ಜಾಕ್ಸನ್, ಮುಂದೆ ತಮ್ಮ ಆ ತೀರ್ಮಾನವನ್ನು ತಾವೇ ಕೈಬಿಟ್ಟರು. ಆದ್ದರಿಂದ ನಿಮ್ಮ ಉತ್ತರವನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಮರುದಿನ ಅದೇ ಹಾಳೆಯಲ್ಲಿ ಗಿಳಿಗೊಂದು ಸಾಲು ಸೇರಿಸಿ. ಹಕ್ಕಿಗಳ ಗ್ರಾಹಕಕ್ಕೆ ಕ್ಯಾಪ್ಸೈಸಿನ್ ತಾಗುವುದಿಲ್ಲವಾದ್ದರಿಂದ ಅವು ಮೆಣಸಿನಕಾಯಿಯನ್ನು ನಿರಾತಂಕವಾಗಿ ತಿನ್ನುತ್ತವೆ. ಎಡಭಾಗದಲ್ಲಿ ಇಷ್ಟನ್ನು ಬರೆದ ಮೇಲೆ, ಬಲಭಾಗದಲ್ಲಿ ಗಿಳಿಯ ಪರವಾಗಿ ಏನನ್ನು ಬರೆಯಬಲ್ಲಿರಿ ಎಂದು ಪ್ರಯತ್ನಿಸಿ ನೋಡಿ.