ಬಿಸಿಯಾಗಿ ಅದುಮಿದ 6061 ಅಲ್ಯೂಮಿನಿಯಂ: ಗ್ರೇನ್ ಹುಟ್ಟಿದ್ದು ಯಾವಾಗ ಎಂದು ಪತ್ತೆಹಚ್ಚುವುದು

450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದುಮಿದ 6061 (ಮೆಗ್ನೀಸಿಯಂ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹ) ತುಂಡಿನಲ್ಲಿ ಹೊಸ ದುಂಡನೆ ಗ್ರೇನ್‌ಗಳು (ಲೋಹದೊಳಗಿನ ಹರಳುಗಳು) ಕಂಡ ಕೂಡಲೇ ‘ಡೈನಾಮಿಕ್ ಮರುಸ್ಫಟಿಕೀಕರಣ’, ಅಂದರೆ ಅದುಮುತ್ತಿರುವಾಗಲೇ ಹೊಸ ಗ್ರೇನ್ ಹುಟ್ಟಿದೆ, ಎಂದು ಬರೆದುಬಿಡಬೇಡಿ. ಬಹಳಷ್ಟು ಸಲ ಅವು ಪ್ರೆಸ್ ನಿಂತ ಮೇಲೆ, ತುಂಡು ತಣಿಸುವ ನೀರಿಗೆ ಬೀಳುವುದರೊಳಗೆ ಹುಟ್ಟಿರುತ್ತವೆ. ಅಲ್ಯೂಮಿನಿಯಂನಲ್ಲಿ ಸ್ಟ್ಯಾಕಿಂಗ್ ಫಾಲ್ಟ್ ಎನರ್ಜಿ (ಪರಮಾಣು ಪದರಗಳು ತಪ್ಪು ಕ್ರಮದಲ್ಲಿ ಜೋಡಿಸಿಕೊಳ್ಳಲು ಬೇಕಾದ ಶಕ್ತಿ) ಹೆಚ್ಚು. ಹಾಗಾಗಿ ಡಿಸ್‌ಲೊಕೇಶನ್‌ಗಳು (ಪರಮಾಣು ಜೋಡಣೆಯಲ್ಲಿನ ಗೆರೆಯಂಥ ದೋಷಗಳು) ಸಲೀಸಾಗಿ ಜಾರುವ ಸಮತಲ ಬದಲಿಸಿ ಒಂದನ್ನೊಂದು ಅಳಿಸುತ್ತವೆ, ಉಳಿದವು ಗ್ರೇನ್ ಒಳಗಿನ ಚಿಕ್ಕ ಭಾಗಗಳ, ಅಂದರೆ ಸಬ್‌ಗ್ರೇನ್‌ಗಳ, ಗೋಡೆಗಳಾಗಿ ಸಾಲುಗಟ್ಟುತ್ತವೆ. ಇದು ಡೈನಾಮಿಕ್ ರಿಕವರಿ. ತಾಮ್ರದಲ್ಲಿ ಹೊಸ ಗ್ರೇನ್ ಮೊಳೆಯಲು ಬೇಕಾದಷ್ಟು ಶಕ್ತಿ ಒಳಗೆ ಕೂಡುತ್ತದೆ, ಇಲ್ಲಿ ಅಷ್ಟು ಕೂಡುವುದೇ ಅಪರೂಪ.

ಎರಕದ ಬಿಲ್ಲೆಟ್ಟನ್ನು 560 ಡಿಗ್ರಿಯಲ್ಲಿ 6 ಗಂಟೆ ಇಟ್ಟು ಹೋಮೊಜಿನೈಸ್ ಮಾಡಿ (ಮಿಶ್ರಧಾತುಗಳನ್ನು ಎಲ್ಲೆಡೆ ಸಮನಾಗಿ ಹರಡಿಸಿ). 582 ಡಿಗ್ರಿಯ ಆಸುಪಾಸಿಗೆ ಲೋಹ ಕರಗಲು ಶುರುವಾಗುವುದರಿಂದ ಕುಲುಮೆಯ ಮೀಟರನ್ನಷ್ಟೇ ನಂಬದೆ ಬಿಲ್ಲೆಟ್ಟಿಗೇ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಕೂರಿಸಿ. ಬಳಿಕ 10 ಮಿ.ಮೀ. ವ್ಯಾಸ, 15 ಮಿ.ಮೀ. ಎತ್ತರದ ತುಂಡುಗಳನ್ನು ಲೇತ್‌ನಲ್ಲಿ ತಿರುವಿ, ಎತ್ತರದ ನಡುವೆ ಕೆ-ಟೈಪ್ ಥರ್ಮೋಕಪಲ್‌ಗೆ ಸಣ್ಣ ರಂಧ್ರ ಕೊರೆಯಿರಿ. ಘರ್ಷಣೆ ತಗ್ಗಿಸಲು ಎರಡೂ ತುದಿಗೆ ಗ್ರಾಫೈಟ್ ಹಚ್ಚಿ. ಹಚ್ಚುವುದು ಕಡಿಮೆಯಾದರೆ ತುಂಡು ಪೀಪಾಯಿಯಂತೆ ಉಬ್ಬುತ್ತದೆ, ನಡುಭಾಗದ ಸ್ಟ್ರೇನ್ (ಆಕಾರ ಬದಲಾದ ಪ್ರಮಾಣ) ನೀವು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಾಗಿರುತ್ತದೆ.

ಬಿಸಿ ಏರಿದ ಮೇಲೆ 5 ನಿಮಿಷ ಬಿಟ್ಟು 15 ಮಿ.ಮೀ.ನಿಂದ 7.5 ಮಿ.ಮೀ.ಗೆ ಅದುಮಿ, ಟ್ರೂ ಸ್ಟ್ರೇನ್ (ಎತ್ತರಗಳ ಅನುಪಾತದ ನ್ಯಾಚುರಲ್ ಲಾಗರಿದಮ್) 0.69. ಸ್ಟ್ರೇನ್ ರೇಟ್ ಸೆಕೆಂಡಿಗೆ 1 ಇರಬೇಕಾದರೆ ಪ್ರೆಸ್‌ನ ವೇಗ ಮೊದಲಿಗೆ ಸೆಕೆಂಡಿಗೆ 15 ಮಿ.ಮೀ. ಇದ್ದು, ಕೊನೆಗೆ ಸೆಕೆಂಡಿಗೆ 7.5 ಮಿ.ಮೀ.ಗೆ ಇಳಿಯಬೇಕು. ಒಂದೇ ವೇಗದಲ್ಲಿ ಓಡಿಸಿದರೆ ಕೊನೆಯಲ್ಲಿ ರೇಟ್ ದುಪ್ಪಟ್ಟಾಗಿರುತ್ತದೆ. ವೇಗದ ಪರೀಕ್ಷೆಯಲ್ಲಿ ತುಂಡು ತಾನೇ ಬಿಸಿಯಾಗುತ್ತದೆ ಎಂಬುದೂ ನೆನಪಿರಲಿ: 60 ಮೆಗಾಪಾಸ್ಕಲ್ ಸ್ಟ್ರೆಸ್ ಇದ್ದರೆ ಇಷ್ಟು ಅದುಮುವಾಗ ಸುಮಾರು 14 ಡಿಗ್ರಿ ಏರುತ್ತದೆ, ಬಿಸಿಯಾದ ಲೋಹ ಮೆತ್ತಗಾಗುತ್ತದೆ. ಆ ತಿದ್ದುಪಡಿ ಮಾಡದೆ ಸ್ಟ್ರೆಸ್–ಸ್ಟ್ರೇನ್ ಕರ್ವ್ ಇಳಿದದ್ದನ್ನು ಮರುಸ್ಫಟಿಕೀಕರಣದ ಗುರುತು ಎಂದುಕೊಳ್ಳುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಅದುಮಿ ಮುಗಿದ 1–2 ಸೆಕೆಂಡಿನೊಳಗೆ ತುಂಡು ನೀರಿನಲ್ಲಿರಬೇಕು. ಇಕ್ಕಳ ಹುಡುಕುತ್ತಾ ನಿಂತರೆ ಪರೀಕ್ಷೆ ಕೆಟ್ಟಂತೆಯೇ.

ತಣಿದ ತುಂಡನ್ನು ಅದುಮಿದ ದಿಕ್ಕಿಗೆ ಸಮಾನಾಂತರವಾಗಿ ಸರಿಯಾಗಿ ನಡುವೆ ಸೀಳಿ, ನಡುಭಾಗವನ್ನೇ ನೋಡಿ. ತುದಿಗಳ ಬಳಿ ಲೋಹ ಅಷ್ಟಾಗಿ ಅಲುಗಿಯೇ ಇರುವುದಿಲ್ಲ. ಎಮರಿ ಕಾಗದ 320, 600, 1200. ಆಮೇಲೆ 3 ಮತ್ತು 1 ಮೈಕ್ರಾನ್ ಡೈಮಂಡ್ ಪೇಸ್ಟ್. ಕೊನೆಗೆ ಕೊಲಾಯ್ಡಲ್ ಸಿಲಿಕಾ. ಜೋರಾಗಿ ಒತ್ತಿದರೆ ಎಮರಿ ಹರಳುಗಳು ಈ ಮೆತ್ತನೆ ಲೋಹದೊಳಗೆ ನಾಟಿಕೊಂಡು ಕಪ್ಪು ಚುಕ್ಕೆಗಳಾಗಿ ಮೋಸಮಾಡುತ್ತವೆ.

ಗ್ರೇನ್ ಬಣ್ಣದಲ್ಲಿ ಕಾಣಲು ಬಾರ್ಕರ್ ದ್ರಾವಣ: 200 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಶೇ. 48ರ ಫ್ಲೂರೋಬೋರಿಕ್ ಆಮ್ಲ 5 ಮಿ.ಲೀ. ತುಂಡು ಆನೋಡ್, ಸ್ಟೇನ್‌ಲೆಸ್ ಸ್ಟೀಲ್ ಕ್ಯಾಥೋಡ್, 20 ವೋಲ್ಟ್ ಡಿ.ಸಿ., 60ರಿಂದ 90 ಸೆಕೆಂಡು. ಕೈಗವಸು, ಫ್ಯೂಮ್ ಹುಡ್ ಕಡ್ಡಾಯ. ಆಮ್ಲ ತಾಗಿದರೆ ಹಚ್ಚಲು ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿರಲಿ. ನೋಡುವುದು ಪೋಲರೈಸ್ಡ್ ಬೆಳಕಿನಲ್ಲಿ. ಎಲ್ಲವೂ ಒಂದೇ ಬೂದು ಬಣ್ಣ ಕಂಡರೆ ಮೊದಲು ಕ್ಲಿಪ್‌ನ ಸಂಪರ್ಕ ನೋಡಿ, ಆಮೇಲೆ ಪಾಲಿಶ್ ಅನ್ನು ಅನುಮಾನಿಸಿ.

ಬಣ್ಣ ಬೇರೆಯಾದ ಮಾತ್ರಕ್ಕೆ ಗ್ರೇನ್ ಬೇರೆ ಎನ್ನುವಂತಿಲ್ಲ, ಗಡಿಯ ಕೋನವನ್ನು ಅದು ಹೇಳುವುದಿಲ್ಲ. ಅದಕ್ಕೆ ಇ.ಬಿ.ಎಸ್.ಡಿ. (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಿಂದುಬಿಂದುವಿಗೂ ಹರಳಿನ ದಿಕ್ಕು ಅಳೆಯುವ ವಿಧಾನ) ಬೇಕು: 2ರಿಂದ 15 ಡಿಗ್ರಿ ಸಬ್‌ಗ್ರೇನ್ ಗಡಿ, 15 ಮೀರಿದರೆ ಗ್ರೇನ್ ಗಡಿ. ಸಬ್‌ಗ್ರೇನ್ 5 ಮೈಕ್ರಾನ್ ಇದ್ದರೆ ಸ್ಟೆಪ್ (ಅಳೆಯುವ ಬಿಂದುಗಳ ನಡುವಿನ ಅಂತರ) 0.5 ಮೈಕ್ರಾನ್ ಸಾಕು.

ಇನ್ನೊಂದು ಲೆಕ್ಕ ಹಾಕಿಕೊಳ್ಳಿ. 100 ಮೈಕ್ರಾನ್ ಗ್ರೇನ್ ಚಪ್ಪಟೆಯಾಗುತ್ತಾ ಎರಡು ಸಬ್‌ಗ್ರೇನ್‌ನಷ್ಟು, ಅಂದರೆ 10 ಮೈಕ್ರಾನ್ ದಪ್ಪಕ್ಕೆ ಇಳಿದಾಗ ಅಂಕುಡೊಂಕಾದ ಗಡಿಗಳು ಒಂದಕ್ಕೊಂದು ತಾಗಿ ಗ್ರೇನ್ ತುಂಡಾಗುತ್ತದೆ. ಇದು ಜ್ಯಾಮಿತೀಯ ಡೈನಾಮಿಕ್ ಮರುಸ್ಫಟಿಕೀಕರಣ. ಅದಕ್ಕೆ ಸ್ಟ್ರೇನ್ ಸುಮಾರು 2.3 ಬೇಕು. ನಮ್ಮ 0.69ರಲ್ಲಿ ಅದು ಸಾಧ್ಯವಿಲ್ಲ. 30 ಅನುಪಾತದ ಎಕ್ಸ್‌ಟ್ರೂಷನ್‌ನಲ್ಲಿ (ಲೋಹವನ್ನು ಅಚ್ಚಿನ ಕಿಂಡಿಯಿಂದ ಹೊರತಳ್ಳಿ ಅಡ್ಡಕೊಯ್ತದ ವಿಸ್ತೀರ್ಣವನ್ನು ಮೂವತ್ತರಲ್ಲೊಂದು ಪಾಲಿಗೆ ಇಳಿಸುವುದು) ಸ್ಟ್ರೇನ್ 3.4, ಅಲ್ಲಿ ಸಾಧ್ಯ.

ಆದರೂ ಅನುಮಾನ ಉಳಿದರೆ ಒಂದೇ ಬಗೆಯಲ್ಲಿ ಮೂರು ತುಂಡು ಅದುಮಿ. ಒಂದನ್ನು ತಕ್ಷಣ, ಇನ್ನೊಂದನ್ನು ಅದೇ ತಾಪದಲ್ಲಿ 10 ಸೆಕೆಂಡು ಬಿಟ್ಟು, ಮೂರನೆಯದನ್ನು 60 ಸೆಕೆಂಡು ಬಿಟ್ಟು ನೀರಿಗೆ ಹಾಕಿ. ಮೊದಲನೆಯದರಲ್ಲಿ ಉದ್ದನೆಯ ಹಳೆಯ ಗ್ರೇನ್‌ಗಳು ಮಾತ್ರ, ಮೂರನೆಯದರಲ್ಲಿ ಕಬ್ಬಿಣಾಂಶದ ದಪ್ಪ ಕಣಗಳ ಸುತ್ತ ಹೊಸವು ಕಂಡರೆ, ಅವು ಪ್ರೆಸ್ ನಿಂತ ಮೇಲೆ ಹುಟ್ಟಿದವು.