ದುಡ್ಡು ಕೇಳಿ, ಬೀದಿಯಲ್ಲಿ ಕೇಳಬೇಡಿ

ನಾನು ಮಂಡ್ಯ ಕಡೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಬಾಣಂತಿ, ಲಸಿಕೆ, ಬಿಪಿ, ಶುಗರ್ ಅಂತ ಮನೆಮನೆ ತಿರುಗುವಾಗ ಯಾರು ಮಂಕಾಗಿದ್ದಾರೆ ಅನ್ನೋದೂ ಕಣ್ಣಿಗೆ ಬೀಳುತ್ತದೆ.

ನಮ್ಮ ಹೆಂಗಸರನ್ನು ಸಾಲಕ್ಕಿಂತ ಜಾಸ್ತಿ ಕುಗ್ಗಿಸೋದು ಮರ್ಯಾದೆಯ ಭಯ. ಮೈಕ್ರೋಫೈನಾನ್ಸ್ ಸಾಲ ಗುಂಪಿನ ಜವಾಬ್ದಾರಿ ಮೇಲೆ ಸಿಗುತ್ತದೆ. ಒಬ್ಬರು ಕಂತು ಕಟ್ಟದಿದ್ದರೆ ಉಳಿದವರು ತುಂಬಬೇಕು. ಹಾಗಾಗಿ ಬಾಗಿಲಲ್ಲಿ ಬಂದು ಕೂರೋರು ಬರೀ ವಸೂಲಿಯವರಲ್ಲ, ಅಕ್ಕಪಕ್ಕದ ಮನೆಯವರೂ ಇರುತ್ತಾರೆ. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು ಅಂತ 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಪಕ್ಕದ ಮನೆಯವರು ಮುಖ ತಿರುಗಿಸಿದರೆ ಯಾರ ಮೇಲೆ ದೂರು ಕೊಡೋದು?

ಒಬ್ಬ ಅಕ್ಕ ಸಂಘಕ್ಕೆ ಬರೋದು ಬಿಟ್ಟಿದ್ದರು. ಮದುವೆ ಮನೆಗಳಲ್ಲೂ ಕಾಣಲಿಲ್ಲ. ಹೋಗಿ ನೋಡಿದರೆ ಕಿವಿಯ ಓಲೆ ಬಿಚ್ಚಿ ಮಗಳ ಪೆಟ್ಟಿಗೆಯಲ್ಲಿಟ್ಟು, ರೇಷನ್ ಕಾರ್ಡು, ಪಾಸ್‌ಬುಕ್ಕು ಎಲ್ಲೆಲ್ಲಿವೆ ಅಂತ ನಾದಿನಿಗೆ ತೋರಿಸುತ್ತಿದ್ದರು. ಒಳಗೆ ಕರೆದು ನೇರವಾಗಿ ಕೇಳಿದೆ. "ಅಕ್ಕಾ, ಸಾಯಬೇಕು ಅನ್ನಿಸ್ತಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನಿಲ್ಲ. ಬಹಳ ಹೊತ್ತು ಅತ್ತು "ಹೂಂ" ಅಂದರು. 'ಮಕ್ಕಳ ಮುಖ ನೋಡಿ' ಅಂತ ನಾನು ಹೇಳಲಿಲ್ಲ. ಮಕ್ಕಳ ಮುಂದೆ ಮಾನ ಹೋಯಿತು ಅನ್ನೋದೇ ಅಲ್ವಾ ಅವರ ಸಂಕಟ.

ಆ ರಾತ್ರಿ ನಾದಿನಿ ಜೊತೆಯಲ್ಲೇ ಉಳಿದರು. ಹೊಲಕ್ಕೆ ಹೊಡೆಯೋ ಔಷಧಿ ಮೈದುನನ ಮನೆಗೆ ಹೋಗಿ ಬೀಗದೊಳಗೆ ಸೇರಿತು. ಅಲ್ಲೇ ಕೂತು 14416ಕ್ಕೆ ಫೋನ್ ಮಾಡಿಸಿದೆ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮಾರನೇ ದಿನ ತಾಲ್ಲೂಕು ಆಸ್ಪತ್ರೆಗೆ ಹೊರಟಾಗ ಗಂಡ ಪೊಲೀಸ್ ಕೇಸಿಗೆ ಹೆದರಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಆತ್ಮಹತ್ಯೆಗೆ ಯತ್ನಿಸಿದವರನ್ನೇ ತೀವ್ರ ಒತ್ತಡದಲ್ಲಿದ್ದರು ಅಂತ ನೋಡಬೇಕು, ಚಿಕಿತ್ಸೆ ಕೊಡಬೇಕು. ಇನ್ನು ನೋವು ಹೇಳಿಕೊಂಡಿದ್ದಕ್ಕೆ ಯಾವ ಕೇಸು ಅಂದೆ. ಒಪ್ಪಿದರು.

ಕಷ್ಟವಾಗಿದ್ದು ಗುಂಪಿನವರ ಜೊತೆ. ಅಕ್ಕನ ಮನಸ್ಸಿನ ವಿಷಯ ಬಾಯಿಬಿಡಲಿಲ್ಲ. ದುಡ್ಡು ಕೇಳಿ, ಬೀದಿಯಲ್ಲಿ ಕೇಳಬೇಡಿ ಅಂದೆ ಅಷ್ಟೇ. "ನಾವೂ ಕೈಯಿಂದ ಕಟ್ಟಿದ್ದೀವಲ್ಲ, ನಮಗೆ ಹೊಟ್ಟೆಪಾಡಿಲ್ವಾ?" ಅಂತ ಲೀಡರ್ ರೇಗಿದರು. ನ್ಯಾಯವಾದ ಮಾತೇ. ಸಾಕಷ್ಟು ಜಗ್ಗಾಡಿದ ಮೇಲೆ, ಡೇರಿ ಬಟವಾಡೆ ದಿನ ಒಬ್ಬರೇ ಹೋಗಿ ಕೊಟ್ಟಷ್ಟು ತರೋದು ಅಂತಾಯಿತು.

ನಾನು ಈಗಲೂ ಹೋಗುತ್ತೇನೆ. ಮಾತ್ರೆ ಪಟ್ಟಿ ತೆಗೆಸಿ ನೋಡುತ್ತೇನೆ, ಯಾಕೆಂದರೆ ಸ್ವಲ್ಪ ಚೇತರಿಸಿಕೊಂಡ ಕೂಡಲೇ ಡಾಕ್ಟರನ್ನು ಕೇಳದೆ ನಿಲ್ಲಿಸೋರೇ ಜಾಸ್ತಿ.